ಬೆಟಗೇರಿಯ ಲಾಳಿ, ಮುಂಡರಗಿಯ ಕನ್ನಡಿ

ಮೊಮ್ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಎಂಟನೆಯ ತರಗತಿಯ 42 ಮಕ್ಕಳು ಎರಡು ದಿನ ಗದಗ ಜಿಲ್ಲೆಗೆ ಪ್ರವಾಸ ಹೋಗುವವರಿದ್ದಾರೆ, ಶಿಕ್ಷಕರ ಜೊತೆಗೆ ಮನೆಯ ಹಿರಿಯರಲ್ಲಿ ಇಬ್ಬರು ಬಂದರೆ ಅನುಕೂಲ ಎಂದು ಬರೆದಿತ್ತು. ನಾನು ಓದಿ ಮಡಿಚಿ ಇಟ್ಟೆ. ಮೊಮ್ಮಗಳು ಬಿಡಲಿಲ್ಲ.

"ಅಜ್ಜಾ, ನೀ ಬರಬೇಕು. ನಿಂದು ಗದಗ ಅಲ್ಲೇನು?"

ಹೌದು, ನನ್ನದು ಗದಗ. ಹುಬ್ಬಳ್ಳಿಗೆ ಬಂದು ನಲವತ್ತು ವರ್ಷಗಳ ಮೇಲಾಯಿತು. ಊರು ಯಾವುದು ಎಂದು ಯಾರು ಕೇಳಿದರೂ ಅಷ್ಟೇ ಹೇಳುತ್ತ ಬಂದಿದ್ದೇನೆ. ಗದಗಿನ ಪಕ್ಕದ ಬೆಟಗೇರಿ ಎಂದಾಗಲಿ, ನೇಕಾರರ ಓಣಿ ಎಂದಾಗಲಿ ಹೇಳಿದ್ದು ಕಡಿಮೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ 36 ವರ್ಷ ಕೌಂಟರಿನ ಹಿಂದೆ ಕುಳಿತೆ. ಅಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ, ನನಗೂ ಹೇಳುವುದು ಬೇಕಾಗಿರಲಿಲ್ಲ.

ಪ್ರವಾಸದ ಟೀಚರ್ ಒಂದು ಒಳ್ಳೆಯ ನಿಯಮ ಮಾಡಿದ್ದರು. ಹೋದ ಕಡೆಯಲ್ಲೆಲ್ಲ ಬರಿಯ ಫೋಟೋ ತೆಗೆದುಕೊಂಡು ಬಸ್ಸು ಹತ್ತುವಂತಿಲ್ಲ. ಪ್ರತಿಯೊಬ್ಬರೂ ಏನಾದರೂ ಒಂದನ್ನು ಕೈಯಿಂದ ಮಾಡಬೇಕು, ಅಲ್ಲಿಯ ಹಿರಿಯರೊಬ್ಬರಿಂದ ಒಂದು ಪದ್ಧತಿಯನ್ನು ಕೇಳಿ ನೋಟುಬುಕ್ಕಿನಲ್ಲಿ ಬರೆಯಬೇಕು. ನಾನೂ ಒಂದು ನೋಟುಬುಕ್ಕು ಇಟ್ಟುಕೊಂಡೆ. ಈ ಲೇಖನ ಅದರಿಂದಲೇ ತೆಗೆದದ್ದು.

ಡಿಸೆಂಬರ್ ತಿಂಗಳು. ಬೆಳಗಿನ ಆರಕ್ಕೆ ಬಸ್ಸು ಬಿಟ್ಟಿತು. ಅಣ್ಣಿಗೇರಿ ದಾಟುವಾಗ ಎರಡೂ ಕಡೆ ಕರಿಯ ಎರೆಮಣ್ಣು, ಕಡಲೆ, ಬಿಳಿಜೋಳ, ಅಲ್ಲಲ್ಲಿ ಹತ್ತಿ. ಒಬ್ಬ ಹುಡುಗ, "ಅಜ್ಜಾ, ಹತ್ತಿ ಗಿಡದಾಗ ಅರಬಿ ಹೆಂಗ ಬರತೈತಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ಅದು ನಗುವ ಪ್ರಶ್ನೆ ಅನ್ನಿಸಲಿಲ್ಲ. ಹತ್ತಿಯಿಂದ ಅರಳೆ, ಅರಳೆಯಿಂದ ನೂಲು, ನೂಲಿಂದ ಹಾಸು ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. "ಇನ್ನೊಂದು ತಾಸಿನ್ಯಾಗ ನೋಡೀಯಂತ" ಎಂದೆ.

ಗದಗಿನಲ್ಲಿ ಮೊದಲು ವೀರನಾರಾಯಣ ದೇವಸ್ಥಾನ. ಕುಮಾರವ್ಯಾಸನು ಇಲ್ಲಿಯ ಕಂಬವೊಂದಕ್ಕೆ ಒರಗಿ ಭಾರತವನ್ನು ಬರೆದನೆಂಬುದು ಊರಿನ ನಂಬಿಕೆ. ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯಗಳು ತಾವಾಗಿ ಬರುತ್ತಿದ್ದವು, ಆರಿದ ಮೇಲೆ ನಿಲ್ಲುತ್ತಿದ್ದವು ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಆದರೆ ನಮ್ಮ ಬಸ್ಸಿನ ಒಂದು ಹುಡುಗಿ ಕೇಳಿದ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. "ಸರ, ದಪ್ಪ ಅರಬಿ ಉಟ್ಕೊಂಡಿದ್ರ ಭಾರತ ಇನ್ನಾ ದೊಡ್ಡದು ಆಗ್ತಿತ್ತೇನ್ರಿ?" ಅರ್ಚಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ. ಪಕ್ಕದ ಸರಸ್ವತಿ ಗುಡಿಯ ಕಂಬಗಳನ್ನು ಮಕ್ಕಳು ಮುಟ್ಟಿ ಮುಟ್ಟಿ ನೋಡಿದರು. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲಿನ ಕೆಲಸ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಮಣಿಸಾಲು ಕೊರೆಯಲು ಆಯಿತು. ಕಂಬದ ಸುತ್ತ ಬಳೆ ತೊಡಿಸಿದ ಹಾಗೆ ಗೆರೆಗಳಿವೆ, ಬುಗುರಿಯಂತೆ ತಿರುಗಿಸಿ ಮಾಡಿದ ಹಾಗೆ.

ಬಸ್ಸು ಬೆಟಗೇರಿಯ ಕಡೆ ತಿರುಗಿದಾಗ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು. ರಸ್ತೆಯ ಪಕ್ಕ ವೀರಗಲ್ಲುಗಳ ಸಾಲು ಇದೆ. ದನ ಕಾಯಲು, ಊರು ಕಾಯಲು ಸತ್ತವರವು. ಅವನ್ನು ನೋಡುತ್ತ ಮಕ್ಕಳು ನಿಂತರು. ನಾನು ಮಾತ್ರ ಓಣಿಯ ಸದ್ದನ್ನು ಹುಡುಕುತ್ತಿದ್ದೆ. ನನ್ನ ಹುಡುಗತನದಲ್ಲಿ ಈ ಓಣಿಗೆ ಗಡಿಯಾರ ಬೇಕಿರಲಿಲ್ಲ. ನಸುಕಿನಲ್ಲಿ ಮಗ್ಗಗಳು ಎದ್ದರೆ ದೀಪ ಹಚ್ಚುವ ತನಕ ಖಟ್-ಖಟ್, ಖಟ್-ಖಟ್. ಈಗ ಪವರ್‌ಲೂಮಿನ ಒಂದೇ ಸಮನೆ ಗದ್ದಲ ಹೆಚ್ಚು. ಕೈಮಗ್ಗದ ಸದ್ದು ಕೇಳಬೇಕಾದರೆ ಬಾಗಿಲ ಹತ್ತಿರ ಹೋಗಿ ನಿಲ್ಲಬೇಕು.

ಟೀಚರ್ ಮೊದಲೇ ಮಾತಾಡಿ ಇಟ್ಟಿದ್ದ ಮನೆಯಲ್ಲಿ ಕುಣಿಮಗ್ಗವಿತ್ತು. ನೇಯುವವರು ನನ್ನ ವಯಸ್ಸಿಗೆ ಏಳೆಂಟು ವರ್ಷ ಕಡಿಮೆಯಿರಬಹುದು. ಇಳಕಲ್ ಮಾದರಿಯ ಸೀರೆ ಮಗ್ಗದ ಮೇಲಿತ್ತು. ಒಡಲು ಗಿಳಿಹಸಿರು, ಅಂಚು ಕೆಂಪು.

ಮಕ್ಕಳೇ, ಮಗ್ಗವನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ನೆಲದಲ್ಲಿ ತೊಡೆಯುದ್ದದ ಒಂದು ಕುಣಿ. ನೇಯುವವರು ಅದರ ದಂಡೆಯ ಮೇಲೆ ಕುಳಿತು ಕಾಲು ಕೆಳಗೆ ಬಿಟ್ಟಿರುತ್ತಾರೆ. ಕುಣಿ ಯಾಕೆ? ಒಂದು, ತುಳಿಯುವ ಹಲಗೆಗಳಿಗೆ ಜಾಗ ಬೇಕು. ಇನ್ನೊಂದು, ನೆಲದ ತಂಪು ನೂಲಿಗೆ ಒಳ್ಳೆಯದು. ನಮ್ಮ ಕಡೆಯ ಬಿಸಿಲಿಗೆ ಹತ್ತಿಯ ಎಳೆ ಒಣಗಿ ಪಟಪಟ ಹರಿಯುತ್ತದೆ. ಕುಣಿಯ ತೇವಕ್ಕೆ ತಾಳಿಕೊಳ್ಳುತ್ತದೆ. ಉದ್ದಕ್ಕೆ ಕಟ್ಟಿದ ಎಳೆಗಳು ಹಾಸು. ಲಾಳಿಯೊಳಗಿನ ಕಂಡಿಕಿಯಿಂದ ಬಿಚ್ಚಿಕೊಂಡು ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಕಾಲು ತುಳಿದರೆ ಹಾಸು ಎರಡಾಗಿ ಬಾಯಿ ಬಿಡುತ್ತದೆ, ಬಲಗೈ ಹಗ್ಗ ಜಗ್ಗಿದರೆ ಲಾಳಿ ಆ ಬಾಯೊಳಗೆ ಓಡುತ್ತದೆ, ಎಡಗೈ ಫಣಿಯನ್ನು ಎಳೆದು ಎಳೆಯನ್ನು ಬಿಗಿ ಮಾಡುತ್ತದೆ. ನಾವು ಮಾತಿನಲ್ಲಿ "ಹಾಸುಹೊಕ್ಕಾಗಿದೆ" ಎನ್ನುತ್ತೇವಲ್ಲ, ಅದು ಇಲ್ಲಿಂದ ಬಂದ ಮಾತು.

ಇಳಕಲ್ ಸೀರೆಯ ಒಂದು ಗುಟ್ಟಿದೆ. ಅದರ ಸೆರಗು ಮತ್ತು ಒಡಲು ಒಂದೇ ಹಾಸಿನವಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಹೀಗಿರುವುದರಿಂದ ಒಂದು ಸೀರೆಗೆ ಒಂದೇ ಹಾಸು. ಹತ್ತು ಸೀರೆಯ ಉದ್ದ ಒಮ್ಮೆಗೇ ಸುತ್ತಿಟ್ಟು ನೇಯುವ ಹಾಗಿಲ್ಲ. ಸೆರಗಿನ ಕೆಂಪು ನೆಲದ ಮೇಲೆ ಬಿಳಿ ಹಲ್ಲಿನ ಸಾಲು ಇರುತ್ತದೆ, ಅದಕ್ಕೆ ಟೋಪ ತೆನಿ ಎನ್ನುತ್ತಾರೆ. ನೇಕಾರರು ಸೆರಗಿನ ಬುಡವನ್ನು ಬೆಳಕಿಗೆ ಹಿಡಿದು ಕೊಂಡಿಯ ಸಾಲು ತೋರಿಸಿದರು. "ಇದನ್ನ ಮುಟ್ಟಿ ನೋಡ್ರಿ. ಮಷಿನ್ ಸೀರಿಯೊಳಗ ಈ ಗಂಟು ಸಿಗಂಗಿಲ್ಲ." ಮೊಮ್ಮಗಳು ಕಣ್ಣು ಮುಚ್ಚಿಕೊಂಡು ಬೆರಳು ಆಡಿಸಿ, "ಹೂಂ, ಸಣ್ಣ ಸಾಸಿವಿ ಹಂಗ ಹತ್ತತೈತಿ" ಎಂದಳು.

ಮಕ್ಕಳು ಒಬ್ಬೊಬ್ಬರಾಗಿ ಕುಳಿತರು. ಹೆಚ್ಚಿನವರ ಲಾಳಿ ಅರ್ಧ ದಾರಿಯಲ್ಲೇ ನಿಂತಿತು. ಒಬ್ಬ ಜೋರಾಗಿ ಜಗ್ಗಿದ, ಅದು ಹಾರಿ ಗೋಡೆಗೆ ಬಡಿಯಿತು. ಮೊಮ್ಮಗಳು ಎರಡು ಎಳೆ ಹರಿದಳು, ಅವಳ ಮುಖ ಸಣ್ಣದಾಯಿತು. ನೇಕಾರರು ಬೈಯಲಿಲ್ಲ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹರಿದ ತುದಿಗಳನ್ನು ಹೊಸೆದು ಕೂಡಿಸಿದರು, ಕಣ್ಣು ಮಿಟುಕಿಸುವಷ್ಟರಲ್ಲಿ.

ಆಮೇಲೆ ನನ್ನ ಕಡೆ ನೋಡಿ, "ಸಾಹೇಬ್ರ, ನೀವೂ ಒಂದು ಕೈ ನೋಡ್ರಿ" ಎಂದರು.

ಬೇಡ ಎಂದೆ. ಮೊಣಕಾಲು ನೋವು ಎಂದೆ. ಮಕ್ಕಳು "ಅಜ್ಜಾ, ಅಜ್ಜಾ" ಎಂದು ಚಪ್ಪಾಳೆ ತಟ್ಟಿದರು. ಕಡೆಗೆ ಕುಳಿತೆ. ಕಾಲು ಕುಣಿಯೊಳಗೆ ಇಳಿದ ಕೂಡಲೇ ತಂಪು ಪಾದಕ್ಕೆ ಹತ್ತಿತು. ನಾನು ಏನೂ ಯೋಚಿಸಲಿಲ್ಲ. ತುಳಿದೆ, ಜಗ್ಗಿದೆ, ಎಳೆದೆ. ಲಾಳಿ ಆ ತುದಿಗೆ ಹೋಯಿತು, ಮರಳಿ ಬಂತು. ಎಂಟು ಹತ್ತು ಎಳೆ ಹಾಕಿದೆನೋ ಏನೋ. ಅಷ್ಟರಲ್ಲಿ ಅಂಚು ಒಳಗೆ ಜಗ್ಗಿಕೊಂಡಿತು, ನಿಲ್ಲಿಸಿದೆ.

ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ನೇಕಾರರು ಹೊಡೆಯಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದರು.

"ನೀವು ಯಾರ ಮನೀಯವರ್ರಿ?"

ಅಪ್ಪನ ಹೆಸರು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂ... ಕುಣಿ ಮುಚ್ಚಿದ ಮನಿ" ಎಂದರು.

ನಮ್ಮ ಮನೆಗೆ ಓಣಿಯಲ್ಲಿ ಹಾಗೊಂದು ಹೆಸರಿದೆಯೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

"ನಿಮ್ಮಪ್ಪಾರು ಆಮ್ಯಾಲೆ ನಮ್ಮ ಮನ್ಯಾಗ ನೇಯ್ತಿದ್ರು, ಗೊತ್ತೈತೇನ್ರಿ? ನಮ್ಮಪ್ಪಗ ಎರಡು ಮಗ್ಗ ಇದ್ವು. ಇದರ ಮ್ಯಾಲೇ ಕುಂದರ್ತಿದ್ರು. ನಾ ಸಣ್ಣಾಂವ, ಕಂಡಿಕಿ ಸುತ್ತಿ ಕೊಡತಿದ್ದೆ. ಭಾಳ ವರ್ಷ ಬಂದ್ರು."

ಗೊತ್ತಿರಲಿಲ್ಲ. ಮಗ್ಗ ಬಿಟ್ಟ ಮೇಲೆ ಅಪ್ಪ ದಿನಾ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುತ್ತಿದ್ದದ್ದನ್ನು ರಜೆಗೆ ಬಂದಾಗ ನೋಡಿದ್ದೆ. ಗುಡಿಯ ಕಟ್ಟೆಗೆ ಹೋಗುತ್ತಾನೆ, ವಯಸ್ಸಾದವರ ಜೊತೆ ಮಾತಾಡುತ್ತ ಕೂರುತ್ತಾನೆ ಎಂದುಕೊಂಡಿದ್ದೆ. ಅವ್ವನೂ ಹೌದೆಂದಿದ್ದಳು.

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಟೀಚರ್ ಚಹಾ ಬಂತೆಂದರು. ಆ ಮಾತು ಅಲ್ಲಿಗೆ ನಿಂತಿತು.

ಸಂಜೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ಜಾಗ. ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ನಮ್ಮ ಹುಡುಗನೊಬ್ಬ ಅಲ್ಲಿಯ ವಿದ್ಯಾರ್ಥಿಯನ್ನು, ನೋಡದೆ ಹಾರ್ಮೋನಿಯಂ ಮನೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ. ಅವನು ಉತ್ತರ ಹೇಳಲಿಲ್ಲ. ಕೇಳಿದವನ ಬೆರಳು ಹಿಡಿದು ಕರಿಯ ಮನೆಯ ಮೇಲಿಟ್ಟು, ಅಲ್ಲಿಂದ ಬಿಳಿಯ ಮನೆಗೆ ಜಾರಿಸಿದ. "ಇಷ್ಟೇ" ಎಂದ. ನಮ್ಮ ಹುಡುಗನ ನೋಟುಬುಕ್ಕಿನಲ್ಲಿ ಆ ದಿನಕ್ಕೆ ಇರುವುದು ಆ ಒಂದೇ ಸಾಲು.

ರಾತ್ರಿ ಊಟದ ಹೊತ್ತಿಗೆ ಮಕ್ಕಳು ಬ್ಯಾಂಕಿನ ಅಜ್ಜನಿಂದ ಒಂದು ಕಥೆ ಬೇಕೆಂದರು. ಗದಗಿನ ಹತ್ತಿರ ಕಣಗಿನಹಾಳ ಎಂಬ ಹಳ್ಳಿಯಿದೆ, 1905ರಲ್ಲಿ ಅಲ್ಲಿಯ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು, ಸಾಲಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗುವುದನ್ನು ತಪ್ಪಿಸಿದರು, ನಮ್ಮ ದೇಶದ ಸಹಕಾರ ಚಳವಳಿ ಅಲ್ಲಿಂದ ಕಣ್ಣು ಬಿಟ್ಟಿತು ಎಂದು ಹೇಳಿದೆ. ಮಕ್ಕಳು ಆಕಳಿಸಿದರು. ನನಗೆ ಮಾತ್ರ ಅದು ಎಷ್ಟು ಸಲ ಹೇಳಿದರೂ ಬೇಸರವಾಗದ ಕಥೆ. ಹೇಳುತ್ತಿರುವಾಗ ಒಂದು ಹಳೆಯ ಸಂಗತಿ ನೆನಪಾಯಿತು. ಮಗ್ಗಕ್ಕೆಂದು ಸಾಲದ ಅರ್ಜಿ ತಂದವರನ್ನು "ಅಡವು ಏನೈತಿ?" ಎಂದು ಕೇಳುವ ಕೆಲಸ ಕೆಲವು ವರ್ಷ ನನ್ನದಾಗಿತ್ತು. ಒಬ್ಬರಿಗಾದರೂ ನಾನೂ ಮಗ್ಗದ ಮನೆಯವನೆಂದು ಹೇಳಿದ ನೆನಪಿಲ್ಲ.

ಮರುದಿನ ಲಕ್ಷ್ಮೇಶ್ವರ. ಹಳೆಯ ಹೆಸರು ಪುಲಿಗೆರೆ. ಪಂಪನು ತನ್ನ ವಿಕ್ರಮಾರ್ಜುನ ವಿಜಯದಲ್ಲಿ ತಾನು ಬರೆದದ್ದು ಪುಲಿಗೆರೆಯ ತಿರುಳುಗನ್ನಡ ಎಂದು ಹೇಳಿಕೊಂಡಿದ್ದಾನೆ. ಅದು ಸಾವಿರ ವರ್ಷಕ್ಕೂ ಹಿಂದಿನ ಮಾತು. "ನಮ್ಮ ಕನ್ನಡಕ್ಕ ಹುಬ್ಬಳ್ಳಿ ಬಸ್‌ಸ್ಟ್ಯಾಂಡ್‌ನ್ಯಾಗ ನಗತಾರಲ್ಲ ಸರ" ಎಂದು ಒಬ್ಬ ಲಕ್ಷ್ಮೇಶ್ವರದ ಅಂಗಡಿಯವರು ಮಕ್ಕಳಿಗೆ ಹೇಳಿದರು, "ಪಂಪ ನಗಲಿಲ್ಲ ನೋಡ್ರಿ." ಸೋಮೇಶ್ವರನ ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತ ಮೂರ್ತಿ, ಅಪರೂಪದ್ದು. ಶಂಖ ಬಸದಿಯಲ್ಲಿ ಸಹಸ್ರಕೂಟ. ಒಂದೇ ಕಲ್ಲಿನ ಮೇಲೆ ಸಾವಿರಕ್ಕೂ ಮೇಲ್ಪಟ್ಟು ಸಣ್ಣ ಸಣ್ಣ ಜಿನಮೂರ್ತಿಗಳು. ಅದನ್ನು ನೋಡುತ್ತ ನಿಂತ ನಮ್ಮ ಗುಂಪಿನ ತುಂಟ ಹುಡುಗ ಒಂದು ಸಾಲು ಎಣಿಸಿ ಸುಸ್ತಾದ. "ಕೆತ್ತಿದಾಂವಗ ನಡುವ ಬ್ಯಾಸರ ಆಗಿಲ್ಲೇನ?" ಎಂದ. ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯನ್ನೂ ಕಂಡು ಹೊರಟೆವು.

ದಾರಿಯಲ್ಲಿ ಮಾಗಡಿ ಕೆರೆ. ಇಲ್ಲಿಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ತಲೆಯ ಹಿಂದೆ ಎರಡು ಕರಿಯ ಗೆರೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ರಾತ್ರಿ ಹೊಲಕ್ಕಿಳಿದು ಮೇಯುತ್ತವೆ, ಹಗಲು ನೀರಿನ ಮೇಲೆ ಇರುತ್ತವೆ. ಬೆಳೆ ತಿಂದರೆ ಸಿಟ್ಟು ಬರುವುದಿಲ್ಲವೇ ಎಂದು ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರನ್ನು ಮಕ್ಕಳು ಕೇಳಿದರು. "ಬೀಗರು ಬಂದಾಗ ಒಂದಿಷ್ಟು ಖರ್ಚು ಇರತೈತಲ್ರೀ" ಎಂದರು ಅವರು. ಇದನ್ನು ಮಾತ್ರ ಎಲ್ಲರೂ ಬರೆದುಕೊಂಡರು.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ. ಹೆಸರಿನೊಳಗೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೇ ನಡೆದುಕೊಳ್ಳುವ ಗದ್ದುಗೆ. ಅಲ್ಲಿಂದ ನಮ್ಮನ್ನು ಕರೆದದ್ದು ಒಂದು ದೊಡ್ಡ ಅಂಗಳದ ಮನೆಗೆ. ಒಂದು ಮೂಲೆಯಲ್ಲಿ ರೊಟ್ಟಿ, ಇನ್ನೊಂದು ಮೂಲೆಯಲ್ಲಿ ಕೌದಿ.

ರೊಟ್ಟಿಯನ್ನು ಗಂಡುಹುಡುಗರೇ ಬಡಿಯಬೇಕೆಂದು ಟೀಚರ್ ಹೇಳಿದರು. ಒಳ್ಳೆಯದೇ ಮಾಡಿದರು. ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಕೊಣಮಿಗೆಯ ಮೇಲೆ ಅಂಗೈಯಿಂದ ತಟ್ಟುತ್ತ ತಿರುಗಿಸುವುದು. ತಟ್ಟುವ ಸದ್ದು ಒಂದೇ ತೂಕದಲ್ಲಿದ್ದರೆ ರೊಟ್ಟಿ ದುಂಡಗಾಗುತ್ತದೆ, ಸದ್ದು ತಪ್ಪಿದರೆ ಅಂಚು ಒಡೆಯುತ್ತದೆ. ಒಬ್ಬನ ರೊಟ್ಟಿ ಥೇಟು ಗದಗ ಜಿಲ್ಲೆಯ ನಕಾಶೆಯಾಯಿತು. ಅವನೇ ಅದನ್ನು ಎಣ್ಣೆಗಾಯಿಯ ಜೊತೆ ತಿಂದ, ನರಗುಂದದ ಕಡೆಯಿಂದ ಶುರು ಮಾಡಿ.

ಕೌದಿ ಹೊಲಿಯುತ್ತಿದ್ದ ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಹೊಸ ಬಟ್ಟೆ ಕೌದಿಗೆ ಬರುವುದಿಲ್ಲ. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ಸೀರೆ ಬೇಕು, ಧೋತರ ಬೇಕು. ಕೆಳಗೆ ಎರಡು ಮೂರು ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಹೊಲಿಯಲು ಹಿಡಿದು ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಹೊಲಿಗೆ ಒಂದು ಜೋಳದ ಕಾಳಿನಷ್ಟು. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ಆ ಅಜ್ಜಿ ನಾಲ್ಕು ಕಾಳು ಜೋಳ ಒಳಗೆ ಹಾಕಿದರು.

"ಇದ್ಯಾಕ ಅಮ್ಮಾ?" ಎಂದು ಮೊಮ್ಮಗಳು ಕೇಳಿದಳು.

"ಹೊಚಗೊಂಡವರ ಹೊಟ್ಟಿ ಹಸೀಬಾರದಲ್ಲವಾ, ಕೌದೀದೂ ಹಸೀಬಾರದು."

ಮೊಮ್ಮಗಳು ಅದನ್ನು ಬರೆದುಕೊಂಡಳು. ಒಂದು ಗೇಣು ಹೊಲಿದಳು, ಬೆರಳಿಗೆ ಎರಡು ಸಲ ಸೂಜಿ ಚುಚ್ಚಿಕೊಂಡಳು. ಆಮೇಲೆ, "ನಮ್ಮ ಮನ್ಯಾಗೂ ಒಂದು ಕೌದಿ ಐತಿ. ನೀಲೀದು. ನಾ ಸಣ್ಣಾಕಿ ಇದ್ದಾಗಿಂದ ಹೊಚಗೋತೀನಿ" ಎಂದಳು. ಯಾರು ಹೊಲಿದದ್ದು ಎಂದು ಅಜ್ಜಿ ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಮ್ಮ ಅವ್ವ ಎಂದೆ. ಕಡೆಗಾಲದಲ್ಲಿ, ಕಣ್ಣು ಮಂಜಾದ ಮೇಲೆ, ತಾನೇ ಉಟ್ಟು ಬಿಟ್ಟ ಸೀರೆಗಳಿಂದ ಹೊಲಿದದ್ದು.

ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವಾಗ ಕಪ್ಪತಗುಡ್ಡದ ಸಾಲು ಕಾಣುತ್ತಿತ್ತು, ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಕ್ಕಳಲ್ಲಿ ಅರ್ಧ ಜನ ಮಲಗಿದ್ದರು. ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು.

"ಅಜ್ಜಾ, ಕುಣಿ ಯಾಕ ಮುಚ್ಚಿದ್ರಿ?"

ಹದಿಮೂರು ವರ್ಷದ ಹುಡುಗಿಗೆ ಸುಳ್ಳು ಹೇಳುವುದು ಕಷ್ಟವಲ್ಲ. ಆದರೆ ಅವಳ ತೊಡೆಯ ಮೇಲೆ ಆ ನೋಟುಬುಕ್ಕು ಇತ್ತು. ಹೇಳಿದೆ.

1978. ನನಗೆ ಬಿ.ಕಾಂ. ಆಗಿ, ಬ್ಯಾಂಕಿನ ಕೆಲಸ ಸಿಕ್ಕು ನಾಲ್ಕು ವರ್ಷವಾಗಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ನಮ್ಮದು ಒಂದೇ ಪಡಸಾಲೆ, ಅದರ ನಟ್ಟನಡುವೆ ಮಗ್ಗ. ಬಂದವರನ್ನು ಕುಣಿಯ ದಂಡೆಯ ಮೇಲೆ ಕೂರಿಸಲೇ ಎಂದು ನಾನು ಅಪ್ಪನನ್ನು ಕೇಳಿದೆ. ಹೇಗೆ ಕೇಳಿದೆ ಎನ್ನುವುದು ನನಗೆ ಚೆನ್ನಾಗಿ ನೆನಪಿದೆ, ಅದನ್ನು ಇಲ್ಲಿ ಬರೆಯಲಾರೆ. "ಇನ್ನ ಸಾಕು ಬಿಡಪ್ಪಾ, ನಾ ಗಳಸ್ತೀನಲ್ಲ" ಎಂದೂ ಹೇಳಿದೆ. ಲೆಕ್ಕವನ್ನೂ ಮಾಡಿ ತೋರಿಸಿದೆ: ಒಂದು ಸೀರೆಗೆ ನಾಲ್ಕು ದಿನ, ಅವ್ವ ನೂಲು ಸುತ್ತುವ ಕೂಲಿ ಲೆಕ್ಕಕ್ಕೇ ಇಲ್ಲ, ಉಳಿಯುವುದು ಇಷ್ಟು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ತಾನೇ ಚಕ್ಕಡಿಯಲ್ಲಿ ಮಣ್ಣು ತರಿಸಿ, ಎರಡು ದಿನ ಕುಣಿಗೆ ಸುರಿದು ದಮ್ಮಸು ಮಾಡಿದ. ಮೇಲೆ ಸೆಗಣಿ ಸಾರಿಸಿ ಬೆತ್ತದ ಕುರ್ಚಿಗಳನ್ನಿಟ್ಟೆವು. ಮದುವೆ ಆಯಿತು. ಆ ಜಾಗದ ನೆಲ ಮಾತ್ರ ಪ್ರತಿ ಮಳೆಗಾಲದಲ್ಲಿ ಸ್ವಲ್ಪ ಕುಸಿಯುತ್ತಿತ್ತು.

"ಮತ್ತ ಮುತ್ತಜ್ಜ ಇನ್ನೊಬ್ಬರ ಮನಿಗೆ ಹೋಗಿ ನೇಯ್ತಿದ್ದನಲ್ಲ?"

"ಹೌದವಾ. ನಿನ್ನೇನ ಗೊತ್ತಾತು ನನಗ."

ಅವಳು ಮತ್ತೇನೂ ಕೇಳಲಿಲ್ಲ. ನೋಟುಬುಕ್ಕು ತೆರೆಯಲೂ ಇಲ್ಲ.

ಮುಂಡರಗಿ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಭೀಮರಾಯ. 1858ರಲ್ಲಿ ಬ್ರಿಟಿಷರ ಮೇಲೆ ದಂಗೆಯೆದ್ದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಬಿಟ್ಟವನು. ನಾವು ಹೋದದ್ದು ಊರ ಹೊರಗಿನ ಲಂಬಾಣಿ ತಾಂಡಾಕ್ಕೆ. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ತಿರುಗಿದ ಜನ ಇವರು. ಅಲ್ಲಿ ಅಜ್ಜಿಯರನ್ನು ಯಾಡಿ ಎಂದು ಕರೆಯಬೇಕು, ತಾಯಿ ಎಂದು ಅರ್ಥ. ಕರೆದ ಕೂಡಲೇ ಅವರ ಮುಖ ಅರಳಿತು. ಕನ್ನಡಿ ಹೊಲಿಯುವುದನ್ನು ತೋರಿಸಿದರು. ಕನ್ನಡಿ ಚೂರಿಗೆ ತೂತು ಇರುವುದಿಲ್ಲ, ಅದು ಬಟ್ಟೆಯ ಮೇಲೆ ನಿಲ್ಲುವುದು ಹೇಗೆ? ಮೊದಲು ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ದಾರ ಎಳೆದು ಕಿಟಕಿಯ ಸರಳಿನ ಹಾಗೆ ಕಟ್ಟುತ್ತಾರೆ. ಆಮೇಲೆ ಆ ದಾರಗಳನ್ನೇ ಹಿಡಿದು ಅಂಚಿನ ಸುತ್ತ ಒತ್ತಾಗಿ ಹೊಲಿಯುತ್ತ ಹೊರಗೆ ಜಗ್ಗುತ್ತಾರೆ, ಮುಖ ತೆರೆದುಕೊಳ್ಳುತ್ತದೆ. ನಮ್ಮ ಮಕ್ಕಳ ಕನ್ನಡಿಗಳೆಲ್ಲ ಜಾರಿ ಬಿದ್ದವು, ಒಂದನ್ನು ಬಿಟ್ಟು. ಹಾರ್ಮೋನಿಯಂ ಮುಟ್ಟಿದ ಹುಡುಗನದು ನಿಂತಿತು. ಯಾಡಿ ಅದನ್ನು ಅವನ ಅಂಗಿಯ ಜೇಬಿನ ಮೇಲೆ ಇಟ್ಟು ನೋಡಿ, ಬಟ್ಟೆಯ ಸಮೇತ ಅವನಿಗೇ ಕೊಟ್ಟರು.

ಹೊತ್ತು ಇಳಿಯುವಾಗ ಡಂಬಳದಲ್ಲಿ ಇಳಿದೆವು. 1095ರ ಇಲ್ಲಿಯ ಶಾಸನವೊಂದು ಬೌದ್ಧರ ತಾರಾದೇವಿಯನ್ನು ನೆನೆಯುತ್ತದೆ. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ನಕ್ಷತ್ರದ ಹಾಗೆ, ಮೂಲೆಗಳೋ ಮೂಲೆಗಳು. 24 ಎಂದು ಪುಸ್ತಕದಲ್ಲಿದೆ. ಮಕ್ಕಳು ಓಡುತ್ತ ಎಣಿಸಿದರು. ಬಾಗಿಲ ಕಡೆಯದನ್ನು ಹೇಗೆ ಎಣಿಸಬೇಕೆಂದು ಜಗಳವಾಗಿ, ಕತ್ತಲಾಗಿ, ತೀರ್ಮಾನವಾಗದೆ ಬಸ್ಸು ಹತ್ತಿದರು.

ಹುಬ್ಬಳ್ಳಿ ಮುಟ್ಟಿದಾಗ ರಾತ್ರಿ ಹತ್ತೂವರೆ. ಮೊಮ್ಮಗಳು ಕೈಕಾಲು ತೊಳೆದವಳೇ ಕೌದಿ ತಂದು ಪಡಸಾಲೆಯಲ್ಲಿ ಹಾಸಿದಳು. ದೀಪ ಹತ್ತಿರ ಸರಿಸಿದಳು. ನೀಲಿ ತುಂಡುಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದಳು. ಒಂದು ಮೂಲೆಯಲ್ಲಿ ನೀಲಿ ಮುಗಿದು ಕೆಂಪು ಶುರುವಾಗುವ ತುಂಡಿತ್ತು, ಕೆಂಪಿನ ಮೇಲೆ ಮಾಸಿದ ಬಿಳಿ ಹಲ್ಲಿನ ಸಾಲು. ಅಲ್ಲಿ ಕಣ್ಣು ಮುಚ್ಚಿಕೊಂಡಳು.

"ಅಜ್ಜಾ, ಸಾಸಿವಿ."

ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟಳು. ಕೊಂಡಿಯ ಸಾಲು ಹತ್ತಿತು.

"ಇದು ಮುತ್ತಜ್ಜ ನೇಯ್ದದ್ದ? ನಿಮ್ಮ ಮನೀ ಕುಣೀದ, ಇಲ್ಲಾ ಅವರ ಮನೀದ?"

ಅಂಗಡಿಯದು, ಅಪ್ಪ ಯಾವಾಗಲೋ ಕೊಡಿಸಿದ್ದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಎದ್ದು ಹಳೆಯ ಆಲ್ಬಮ್ ತೆಗೆದೆ. 1981, ನನ್ನ ಮಗನನ್ನು, ಎಂದರೆ ಅವಳಪ್ಪನನ್ನು, ತೊಟ್ಟಿಲಿಗೆ ಹಾಕಿದ ದಿನದ ಫೋಟೋ. ಕಪ್ಪು ಬಿಳುಪು, ಬಣ್ಣ ಗೊತ್ತಾಗುವುದಿಲ್ಲ. ಆದರೆ ಸೆರಗಿನ ಬಿಳಿ ಹಲ್ಲುಗಳು ಎದ್ದು ಕಾಣುತ್ತವೆ. ಅಂಚಿನ ಗೆರೆಗಳನ್ನು ಕೌದಿಯ ಪಕ್ಕ ಇಟ್ಟು ನೋಡಿದೆವು, ಅವೇ. ಅವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಾಳೆ, ಅಪ್ಪ ಸ್ವಲ್ಪ ಹಿಂದೆ ಬಾಗಿಲ ಹತ್ತಿರ. ಅವಳ ಮೈಮೇಲಿನ ಸೀರೆ ಘಳಿಗೆ ಮುರಿದದ್ದು ಅವತ್ತೇ ಇರಬೇಕು. ಮಡಿಕೆಯ ಗೆರೆಗಳು ಇನ್ನೂ ಹಾಗೇ ನಿಂತಿವೆ.